ಡಿಸ್ಕಿಗೆ ತಲುಪದ ಹಾಡು

ಅರಸೀಕೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದವರಿಬ್ಬರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಂದು ಎಂಬಾಕೆ ಹಾಡು ಸಂಗ್ರಹಿಸುವವರು. ಶಿವಪ್ರಕಾಶ್ ಅವನ್ನು ಕಂಪ್ಯೂಟರಿನಲ್ಲಿ ಉಳಿಸಿಡಲು ಪ್ರೋಗ್ರಾಂ ಬರೆದವರು. ಇಷ್ಟು ಅವರ ಮಾತಿನಿಂದಲೇ ತಿಳಿಯಿತು.

“ಕಣಕಟ್ಟೆ ಹನುಮಮ್ಮ ಹಾಡು ಹೇಳ್ತಾ ಹೋದ್ರು, ನಾನು ಟೈಪ್ ಮಾಡ್ದೆ. ಸೇವ್ ಆಯ್ತು ಅಂತ ತೋರಿಸ್ತು, ತಕ್ಷಣ ಕರೆಂಟ್ ಹೋಯ್ತು. ಆಮೇಲೆ ನೋಡಿದ್ರೆ ಫೈಲ್ ಖಾಲಿ!”

“ಅದಿನ್ನೂ ಮೆಮೊರಿಲೇ ಇತ್ತು, ಇಂದು. ಕರೆಂಟ್ ಹೋದ್ರೆ ಅಲ್ಲಿರೋದು ಅಳಿಸಿಹೋಗುತ್ತೆ, ಡಿಸ್ಕಲ್ಲಿರೋದು ಮಾತ್ರ ಉಳಿಯುತ್ತೆ. ಸಿಸ್ಟಂ ಸ್ವಲ್ಪ ತಡೆದು ಡಿಸ್ಕಿಗೆ ಬರೆಯುತ್ತೆ. ಈಗಲೇ ಬರಿ ಅಂತ ನಾನು ಪ್ರೋಗ್ರಾಮಲ್ಲಿ ಹೇಳಿರ್ಲಿಲ್ಲ.”

“ಮತ್ತೆ ಸೇವ್ ಆಯ್ತು ಅಂತ ಯಾಕೆ ತೋರಿಸ್ಬೇಕಿತ್ತು?”

“ತಪ್ಪು ನಂದೇ. ಈಗ ಡಿಸ್ಕಿಗೆ ಬರೆದು ಮುಗಿದ ಮೇಲೇ ತೋರಿಸುತ್ತೆ.”

“ಸತ್ತ ಮಗಳ ಮೇಲೆ ಕಟ್ಟಿದ ಹಾಡು ಕಣ್ರೀ. ಅಳ್ತಾ ಹೇಳಿದ್ರು. ಇನ್ನೊಂದ್ಸಲ ಹೇಳಿ ಅಂತ ಹೆಂಗೆ ಕೇಳ್ಲಿ?”

ಕಣಕಟ್ಟೆ ಬಸ್ ಬಂತು.

“ನೀವು ಕೇಳ್ಬೇಡಿ. ಕಳೆದೋನು ನಾನು ಅಂತ ಮೊದ್ಲು ಹೇಳ್ತೀನಿ, ಆಮೇಲೆ ನಾನೇ ಕೇಳ್ತೀನಿ,” ಎಂದು ಶಿವಪ್ರಕಾಶ್ ಬಸ್ ಹತ್ತಿದರು. ಇಂದು ಹಿಂದೆಯೇ ಹೋದರು.