ತಾರೀಕು ಸಾರುವ ಮೈಕಣ್ಣನಿಗೆ ಸನ್ಮಾನ

ಅಧ್ಯಕ್ಷ ಸ್ಥಾನದಲ್ಲಿರುವ ಮಾನ್ಯ ಕ್ಯಾಪ್ಟನ್ ಅವರೇ, ಎಂಜಿನ್ ಕೋಣೆಯಿಂದ ಅಪರೂಪಕ್ಕೆ ಮೇಲೆ ಬಂದು ವೇದಿಕೆಗೆ ಕಳೆ ತಂದಿರುವ ಮುಖ್ಯ ಎಂಜಿನಿಯರ್ ಅವರೇ, ಇಂದು ಸನ್ಮಾನಗೊಳ್ಳುತ್ತಿರುವ ನಮ್ಮ ಮೈಕಣ್ಣನವರೇ, ಎರಡೆರಡು ಕುರ್ಚಿ ಬಿಟ್ಟು, ಮೂಗು ಬಾಯಿ ಮುಚ್ಚಿಕೊಂಡು ಕುಳಿತಿರುವ ಸಭಿಕರೇ,

ಹಡಗಿನ ಸಿಬ್ಬಂದಿ ಸಂಘದ ವಾರ್ಷಿಕೋತ್ಸವದಲ್ಲಿ ಸನ್ಮಾನದ ಮಾತಾಡಲು ಬಟ್ಟೆ ಒಗೆಯುವ ವಿಭಾಗದ ನನ್ನನ್ನೇ ಯಾಕೆ ನಿಲ್ಲಿಸಿದ್ದಾರೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಹಿಂದಿನ ಸಾಲಿನಲ್ಲಿ ಕಿಸಿಕಿಸಿ ನಗುತ್ತಿರುವವರು ಧಾರಾಳವಾಗಿ ನಗಿ. ನಿಮ್ಮ ಮಾಸ್ಕುಗಳನ್ನು ಒಗೆಯುವವಳೂ ನಾನೇ ಎಂಬುದು ಮಾತ್ರ ನೆನಪಿರಲಿ. ಸನ್ಮಾನಕ್ಕೆಂದು ಕೋಣೆ ಹುಡುಗರು ಟವೆಲಿನಲ್ಲಿ ಚೆಂದದ ಹಂಸ ಮಡಚಿ ಮೇಜಿನ ಮೇಲೆ ಇಟ್ಟಿದ್ದಾರೆ. ಸಂತೋಷ. ಸಭೆ ಮುಗಿದ ಮೇಲೆ ಆ ಟವೆಲ್ ನನಗೆ ವಾಪಸ್ ಬರಬೇಕು.

ಮೈಕಣ್ಣನವರ ಬಗ್ಗೆ ಏನು ಹೇಳಲಿ? ಹಡಗಿನ ತುಂಬ ಪ್ರಯಾಣಿಕರಿದ್ದಾಗ ಬೆಳಿಗ್ಗೆ ಶುಭೋದಯ ಹೇಳುತ್ತಿದ್ದ, ಈಜುಕೊಳದ ಪಕ್ಕ ಆಟ ಆಡಿಸುತ್ತಿದ್ದ, ಊಟಕ್ಕೆ ಕರೆಯುತ್ತಿದ್ದ ದನಿ ಇವರದು, ಹೀಗೆ ಮೈಕಿನ ಅಣ್ಣ ಎಲ್ಲರ ಬಾಯಲ್ಲಿ ಮೈಕಣ್ಣನಾದರು. ಸಾಂಕ್ರಾಮಿಕ ಬಂತು, ಪ್ರಯಾಣಿಕರು ಇಳಿದು ಹೋದರು, ಹಡಗು ಬಂದರಿನಾಚೆ ಲಂಗರು ಹಾಕಿ ನಿಂತಿತು. ನಾವು ಉಳಿದೆವು, ಇವರ ಮೈಕೂ ಉಳಿಯಿತು. ಒಂದು ನರಪಿಳ್ಳೆಯಿಲ್ಲದ ಡೆಕ್ಕಿಗೆ ಇವರು 'ಮಾನ್ಯ ಪ್ರಯಾಣಿಕರ ಗಮನಕ್ಕೆ' ಎಂದಾಗ ನಾನು ರೇಗಿದೆ.

'ಯಾರಿಗ್ರೀ ಹೇಳ್ತಿದ್ದೀರಾ, ಮೀನಿಗಾ?'

'ಗಂಟಲು ತುಕ್ಕು ಹಿಡೀಬಾರದಲ್ಲ ಮೇಡಂ' ಅಂದರು ಇವರು.

ಆಮೇಲೆ ತಾರೀಕುಗಳು ಶುರುವಾದವು. ಹಡಗು ಯಾವಾಗ ಹೊರಡುತ್ತದೆ ಎಂದು ಕೇಳಿದರೆ ಕಂಪನಿ ಆಫೀಸಿನವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಬರುವ ತಿಂಗಳು ಅನ್ನುತ್ತಾರೆ. ಸರ್ಕಾರ ಒಪ್ಪಿದರೆ ಅನ್ನುತ್ತಾರೆ. ಆ ಸರ್ಕಾರ ಒಪ್ಪಿದರೆ ಮುಂದಿನ ಬಂದರಿನ ಸರ್ಕಾರ ಒಪ್ಪಬೇಕು ಅನ್ನುತ್ತಾರೆ. ತಾರೀಕು ಬಂದಾಗಲೆಲ್ಲ ನನ್ನ ವಿಭಾಗಕ್ಕೆ ಕೈತುಂಬ ಕೆಲಸ. ಉಗ್ರಾಣದಲ್ಲಿಟ್ಟ ಹಾಸಿಗೆ ಬಟ್ಟೆಗೆ ಸಮುದ್ರದ ಗಾಳಿಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಎಲ್ಲವನ್ನೂ ತೆಗೆದು, ಒಗೆದು, ಇಸ್ತ್ರಿ ಮಾಡಿ, ಕೋಣೆ ಕೋಣೆಗೂ ಹಾಸಬೇಕು. ಹಾಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ತಾರೀಕು ಮುಂದಕ್ಕೆ ಹೋಗುತ್ತದೆ. ಮತ್ತೆ ಎಲ್ಲವನ್ನೂ ತೆಗೆದು ಮಡಚಿ ಒಳಗಿಡಬೇಕು. ಸಭಿಕರೇ, ಯಾರೂ ಮಲಗದ ಹಾಸಿಗೆಯ ಬಟ್ಟೆ ಒಗೆದೂ ಒಗೆದೂ ಹರಿದದ್ದನ್ನು ಎಲ್ಲಾದರೂ ಕಂಡಿದ್ದೀರಾ? ನನ್ನಲ್ಲಿಗೆ ಬನ್ನಿ, ತೋರಿಸುತ್ತೇನೆ.

ಈ ತಾರೀಕುಗಳನ್ನೆಲ್ಲ ನಮಗೆ ಸಾರಿದವರು ಮೈಕಣ್ಣ. ಮುಂದೂಡಿದವರು ಆಫೀಸಿನವರು, ಬೈಗುಳ ತಿಂದವರು ಇವರು. ಅಡುಗೆಮನೆಯವರು ಎರಡು ದಿನ ಇವರ ತಟ್ಟೆಗೆ ತಳ ಹಿಡಿದದ್ದನ್ನೇ ಬಡಿಸಿದರು. ಅದಕ್ಕೂ ಇವರು ಮೈಕಿನಲ್ಲಿ ವಂದನೆ ಹೇಳಿದರು. ಈ ಸನ್ಮಾನ ನ್ಯಾಯವೋ ಅಲ್ಲವೋ, ನೀವೇ ಹೇಳಿ.

ಇನ್ನು ಆ ವಿಷಯ. ಸ್ವಂತ ವಿಷಯ ಎತ್ತಬಾರದು ಎಂದುಕೊಂಡೇ ಮೆಟ್ಟಿಲು ಹತ್ತಿದ್ದೆ. ಆದರೆ ನಿಮಗೆ ತಿಳಿಯದ್ದು ಏನು ಉಳಿದಿದೆ? ಒಂದು ಮಧ್ಯಾಹ್ನ ಇವರು ಧ್ವನಿವರ್ಧಕಗಳ ಪರೀಕ್ಷೆ ಮಾಡುತ್ತಿದ್ದರು. ಒಗೆಯುವ ಕೋಣೆಯ ಗೋಡೆಯಲ್ಲಿ ಮಾತಿಗೆ ಮರುಮಾತು ಕೊಡಬಹುದಾದ ಪೆಟ್ಟಿಗೆಯಿದೆ, ಅದರಲ್ಲಿ ನನ್ನನ್ನು ಮಾತಾಡಿಸಿದರು. ಕೇಳಿಸುತ್ತಿದೆಯೇ ಅಂದರು, ಕೇಳಿಸುತ್ತಿದೆ ಅಂದೆ. ಆಮೇಲೆ, 'ಮೇಡಂ, ನನಗೂ ಯಾರೂ ಇಲ್ಲ, ನಿಮ್ಮ ಮಗಳೂ ದೊಡ್ಡವಳಾದಳು. ನಾವಿಬ್ರೂ ಮದುವೆ ಆದ್ರೆ ಹೇಗೆ?' ಅಂದರು. ಬಾಯಿಗೆ ಬಂದದ್ದು ಹೇಳಿದೆ, 'ಹಡಗು ಹೊರಡ್ಲಿ, ಆ ದಿನ ಹೇಳ್ತೀನಿ.'

ಇಡೀ ಹಡಗಿಗೆ ಕೇಳಿಸುವ ಗುಂಡಿ ಒತ್ತಿಯೇ ಇತ್ತು ಎಂಬುದು ಈ ಮಹಾನುಭಾವರಿಗೆ ಹೊಳೆಯಲೇ ಇಲ್ಲ. ನಾನು ಹೊರಗೆ ಬಂದರೆ ಮೊಗಸಾಲೆಯ ತುಂಬ ಜನ. ಎಂಜಿನ್ ಕೋಣೆಯಿಂದ ಚಪ್ಪಾಳೆ. ಅಂದಿನಿಂದ ಹೊಸ ತಾರೀಕು ಬಂದಾಗಲೆಲ್ಲ ನೀವು ಸಮುದ್ರ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತೀರಿ.

ಹಾಗೇಕೆ ಹೇಳಿದೆ? ಕೊಬ್ಬಿನಿಂದ ಅಲ್ಲ. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಹಡಗು ಹತ್ತಿದವಳು ನಾನು. ನಿಂತ ಹಡಗಿನಲ್ಲಿ ಬೇಸರಕ್ಕೆ ಹುಟ್ಟಿದ ಮಾತು ಹಡಗು ಹೊರಟು ಜನ ತುಂಬಿದ ಮೇಲೆ ಉಳಿಯುತ್ತದೆಯೇ ಎಂಬ ಅಳುಕು ನನ್ನದು. ಹಾಗಾಗಿ ಮೊದಮೊದಲು ತಾರೀಕು ಮುಂದಕ್ಕೆ ಹೋದಾಗ, ಕ್ಷಮಿಸಿ, ಒಳಗೊಳಗೇ ಸಮಾಧಾನವಾಗುತ್ತಿತ್ತು. ನೀವೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಾಗ ನಾನು ಹಾಡು ಗುನುಗುತ್ತ ಬಟ್ಟೆ ಮಡಚಿದ್ದುಂಟು. ಆದರೆ ಹೋದ ಸಲ ಮುಂದೂಡಿದರಲ್ಲ, ಆಗ ನನಗೆ ಅಳುವೇ ಬಂತು. ಒಗೆಯುವ ಯಂತ್ರಕ್ಕೆ ಬೈದೆ. ಸಹಾಯಕ್ಕಿದ್ದ ಹುಡುಗಿಯರಿಗೆ ಬೈದೆ. ಯಾಕೆಂದು ಆ ದಿನ ನನಗೇ ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿಯೂ ಒಪ್ಪಿಕೊಳ್ಳಲಿಲ್ಲ.

ಮಗಳು ಫೋನಿನಲ್ಲಿ ಕೇಳಿದಳು, 'ಅಮ್ಮ, ಅವರು ಒಳ್ಳೆಯವರಾ?'

'ಒಳ್ಳೆಯವರೇ ಕಣೇ. ಅತಿಯಾಗಿ ಮಾತಾಡ್ತಾರೆ ಅಷ್ಟೇ.'

'ನೀನೇನು ಕಮ್ಮಿಯಾ? ಮತ್ತೆ ಆ ಹಡಗಿಗೂ ನಿನ್ನ ಮದುವೆಗೂ ಏನಮ್ಮ ಸಂಬಂಧ?'

ಸೋಮವಾರ ಹೊರಡುವುದು ಖಚಿತ ಎಂದು ಈ ಸಲ ಬರವಣಿಗೆಯಲ್ಲೇ ಬಂದಿದೆ. ಹಾಸಿಗೆಗಳು ಸಿದ್ಧ, ಬುಟ್ಟಿಗಳು ಖಾಲಿ. ನನ್ನ ಉತ್ತರಕ್ಕೂ ಸೋಮವಾರವೇ ಗಡುವು ಎಂದು ನೀವೆಲ್ಲ...

ಏನದು? ಕ್ಯಾಪ್ಟನ್ ಅವರ ಕೈಗೆ ಯಾರೋ ಚೀಟಿ ಕೊಟ್ಟರು. ಮುಚ್ಚಿಡಬೇಡಿ ಸರ್. ಆ ಮುಖವನ್ನು ನಾನು ಎಷ್ಟು ಸಲ ನೋಡಿಲ್ಲ? ಮೈಕಣ್ಣನವರೇ, ನೀವು ಏಳಬೇಡಿ, ಇವತ್ತು ನಿಮಗೆ ಸನ್ಮಾನ. ಕೆಟ್ಟ ಸುದ್ದಿ ಹೇಳುವ ಕೆಲಸ ಒಂದು ಸಲ ನನ್ನದಾಗಲಿ. ಚೀಟಿ ಇತ್ತ ಕೊಡಿ ಸರ್.

ಸಭಿಕರೇ, ಸೋಮವಾರ ಹಡಗು ಹೊರಡುವುದಿಲ್ಲ. ಹೊಸ ತಾರೀಕನ್ನು ಮುಂದೆ ತಿಳಿಸಲಾಗುವುದಂತೆ.

ಯಾಕೆ ಎಲ್ಲರೂ ಸಪ್ಪಗಾದಿರಿ? ನಾನಂತೂ ಆಗುವುದಿಲ್ಲ. ನಾಳೆ ಬೆಳಿಗ್ಗೆ ಅಷ್ಟೂ ಹಾಸಿಗೆ ಬಟ್ಟೆಯನ್ನು ಮತ್ತೆ ತೆಗೆಯುತ್ತೇನೆ, ಮಡಚುತ್ತೇನೆ, ಒಳಗಿಡುತ್ತೇನೆ. ಅದು ನನ್ನ ಕೆಲಸ. ಆದರೆ ನನ್ನ ಬದುಕನ್ನೂ ಅದರ ಜೊತೆ ಮಡಚಿ ಒಳಗಿಡುವುದು ಇನ್ನು ಸಾಕು. ಈ ಹಡಗು ಮುಂದಿನ ತಿಂಗಳು ಹೊರಡಬಹುದು, ಮುಂದಿನ ವರ್ಷ ಹೊರಡಬಹುದು, ನನಗೇನು ಗೊತ್ತು? ಆಫೀಸಿನವರಿಗೇ ಗೊತ್ತಿಲ್ಲ. ನನ್ನ ಮನಸ್ಸು ಮಾತ್ರ ನನಗೆ ಗೊತ್ತಾಗಿದೆ.

ಮೈಕಣ್ಣನವರೇ... ಬೇಡ, ಆ ಅಣ್ಣ ಅನ್ನುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ರೀ, ನನಗೆ ಒಪ್ಪಿಗೆ.

ಚಪ್ಪಾಳೆ ಸಾಕು, ನನಗೆ ಕಣ್ಣು ತುಂಬಿ ಬರುತ್ತಿದೆ, ಎದುರಿಗೆ ಯಾರೂ ಕಾಣುತ್ತಿಲ್ಲ. ಮದುವೆ ಯಾವಾಗ ಎಂದು ಕೂಗುತ್ತಿರುವವರಿಗೆ ಒಂದು ಮಾತು: ಆ ತಾರೀಕನ್ನು ನಾವಿಬ್ಬರೇ ಗೊತ್ತು ಮಾಡುತ್ತೇವೆ, ಮುಂದೂಡುವುದಿಲ್ಲ. ಚೀಟಿ ಬಿಟ್ಟುಕೊಟ್ಟ ಕ್ಯಾಪ್ಟನ್ ಅವರಿಗೂ, ಎಲ್ಲರಿಗಿಂತ ಮೊದಲು ಎದ್ದು ನಿಂತ ಮುಖ್ಯ ಎಂಜಿನಿಯರ್ ಅವರಿಗೂ, ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆಲ್ಲರಿಗೂ ನಾನು ಋಣಿ. ಮಾತು ಮುಗಿಸುತ್ತೇನೆ. ನಮ್ಮಿಬ್ಬರ ನಮಸ್ಕಾರ.