ನಾಯಿ ಹಿಡೀರೆಪಾ!

ಊರೇ ಇಲ್ಲದ ನಾಡಿನಲ್ಲಿ ಒಬ್ಬ ಶ್ರೀಮಂತ ಇದ್ದ. ಹಿಂದೆ ಕೂತವರೇ, ನಗಬೇಡಿ. ಅದು ಮಂಗೋಲರ ನಾಡು. ಮಂಗೋಲರು ಅಂದರೆ ನಿಮಗೆ ಕುದುರೆ, ಕತ್ತಿ, ದಂಡು ಇಷ್ಟೇ ಗೊತ್ತು. ಅವರೂ ಕುರಿ ಕಾಯುತ್ತಾರೆ, ಚಹಾ ಕುಡಿಯುತ್ತಾರೆ, ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ಮೇವು ಇದ್ದಲ್ಲಿ ಉಣ್ಣೆಯ ದುಂಡು ಗುಡಾರ ಹಾಕುತ್ತಾರೆ, ಮೇವು ಮುಗಿದರೆ ಕಿತ್ತುಕೊಂಡು ಹೊರಡುತ್ತಾರೆ.

ಅಲ್ಲಿ ಬಾಗಿಲು ಬಡಿಯುವ ಪದ್ಧತಿ ಇಲ್ಲ, ಗುಡಾರಕ್ಕೊಂದು ಕಾವಲು ನಾಯಿ ಇರುತ್ತದೆ. ಬಂದವನು ದೂರದಲ್ಲೇ ಕುದುರೆ ನಿಲ್ಲಿಸಿ, "ನಾಯಿ ಹಿಡೀರೆಪಾ!" ಎಂದು ಕೂಗುತ್ತಾನೆ. ನಮಸ್ಕಾರವೂ ಅದೇ, ಒಳಗೆ ಬರಲೇ ಎಂಬ ಮಾತೂ ಅದೇ. ಮನೆಯವರು ಬಂದು ನಾಯಿ ಹಿಡಿಯುತ್ತಾರೆ. ಆಮೇಲೆ ಬಂದವನು ಯಾರೇ ಆಗಲಿ, ಉಪ್ಪು ಹಾಕಿದ ಹಾಲಿನ ಚಹಾ ಸಿಗುತ್ತದೆ.

ನಮ್ಮ ಶ್ರೀಮಂತನಿಗೆ ಇದೇ ತಲೆನೋವು. ಕಣ್ಣು ಹಾಯಿಸಿದಷ್ಟೂ ಅವನವೇ ಕುರಿ, ಅವನವೇ ಕುದುರೆ. ಅಂಥವನ ಗುಡಾರಕ್ಕೆ ಏನಾದರೂ ಕೇಳಲು ಜನ ಬರದೆ ಇರುತ್ತಾರೆಯೇ? ಅವನೊಂದು ಉಪಾಯ ಮಾಡಿದ. ಕೂಗು ಕೇಳಿದರೂ ಏಳದೆ ಕೂತ. ಅವನ ನಾಯಿ ಬಾಸರ್ ಕರುವಿನಷ್ಟು ಎತ್ತರ. ಅದು ಬಿಡುತ್ತದೆಯೇ?

"ಯಾರೋ ಒದರಾಕತ್ತಾರ, ನಾಯಿ ಹಿಡೀರಿ," ಎಂದಳು ಹೆಂಡತಿ.

"ಸುಮ್ನ ಕೂಡು. ಗಂಟಲಾ ಹರದ್ರ ತಾವ ಹೊಳ್ಳಿ ಹೋಗ್ತಾರ."

"ಒಂದ್ ಬಟ್ಟಲಾ ಚಹಾ ಕೊಟ್ರ ನಿಮ್ಮ ಕುರಿ ಸಾಯ್ತಾವೇನು?"

"ನಾ ಯಾರಿಗೂ ಹೋಗು ಅಂದಿಲ್ಲ. ನಾಯಿ ಬೊಗಳಿದ್ರ ನಾ ಏನ್ ಮಾಡ್ಲಿ?"

ನೋಡಿ, ಜಾಣತನ ನೋಡಿ! ಬೈಯಲಿಲ್ಲ, ಓಡಿಸಲಿಲ್ಲ, ಪಾಪವೆಲ್ಲ ನಾಯಿಯದು. ಜನ ಬರುವುದು ನಿಂತಿತು. ಇವನು ನೆಮ್ಮದಿಯಾಗಿ ಮಾಂಸ ತಿಂದು ಮಲಗಿದ.

ಆ ಚಳಿಗಾಲದಲ್ಲಿ ಬಿದ್ದ ಹಿಮ ಬಿಸಿಲಿಗೆ ಒಂದಿಷ್ಟು ಕರಗಿ, ಮತ್ತೆ ಕಲ್ಲಿನಂತೆ ಹೆಪ್ಪುಗಟ್ಟಿತು. ಕೆಳಗೆ ಹುಲ್ಲು, ಮೇಲೆ ಗಾಜಿನಂಥ ಮಂಜುಗಡ್ಡೆ. ಕೆರೆದೂ ಕೆರೆದೂ ಕುದುರೆಗಳ ಕಾಲಲ್ಲಿ ರಕ್ತ. ಕುರಿಗಳು ಒಂದರ ಉಣ್ಣೆ ಇನ್ನೊಂದು ಕಿತ್ತು ತಿನ್ನತೊಡಗಿದವು, ಸಾಯತೊಡಗಿದವು. ಅವನು ದಿಬ್ಬ ಹತ್ತಿ ನೋಡಿದ. ಎಲ್ಲೂ ಹೊಗೆಯಿಲ್ಲ. ನೆರೆಯವರೆಲ್ಲ ಗುಡಾರ ಕಿತ್ತು ಹೋಗಿದ್ದರು. ಯಾವ ದಿಕ್ಕಿಗೆ? ಯಾರನ್ನು ಕೇಳುವುದು? ತಪ್ಪು ದಿಕ್ಕಿಗೆ ಮಂದೆ ಹೊಡೆದರೆ ಉಳಿದವೂ ದಾರಿಯಲ್ಲೇ ಸಾಯುತ್ತವೆ. ಗುಡಾರದಲ್ಲಿ ಕೂತು ಕಿವಿ ನಿಮಿರಿಸಿ ಕಾದ. ಯಾರಾದರೂ ಕೂಗಲಿ, ಒಮ್ಮೆ ಕೂಗಲಿ!

ಕೊನೆಗೊಂದು ಮಧ್ಯಾಹ್ನ ಕೂಗು ಕೇಳಿತು. ದುಲ್ಮಾ ಎಂಬ ಮುದುಕಿ, ತಪ್ಪಿಸಿಕೊಂಡ ಕುದುರೆ ಹುಡುಕುತ್ತ ಒಂಟೆಯ ಮೇಲೆ ಬಂದಿದ್ದಳು. ಅವನು ಬರಿಗಾಲಲ್ಲೇ ಹೊರಗೆ ಹಾರಿದ. ಆದರೆ ಎಂದೂ ಹಿಡಿಯದ ಕೈಗೆ ನಾಯಿ ಬಗ್ಗುತ್ತದೆಯೇ? ಬಾಸರ್ ಅವನ ಮುಂಗೈಯನ್ನೇ ಕಚ್ಚಿತು. ಅವನು ಬಿಡಲಿಲ್ಲ. ಹಿಮದಲ್ಲಿ ಕೆಡವಿ ಅದರ ಮೇಲೆ ಬಿದ್ದುಕೊಂಡ.

ದುಲ್ಮಾ ಒಂಟೆಯ ಮೇಲಿಂದ ನಕ್ಕಳು. "ಗಟ್ಟಿ ಹಿಡಿಯೋ ಸಾವ್ಕಾರಾ! ಈ ಸಲ ಬಿಟ್ಟಿ ಅಂದ್ರ ನಾ ಮತ್ತ ಬರಾಂಗಿಲ್ಲ."

ಒಳಗೆ ಬಂದು ಅವಳು ಮೊದಲು ಒಂದು ಬಟ್ಟಲು ಚಹಾ ಕುಡಿದಳು. ಅವನ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆ ಕೈಯಲ್ಲೇ ಮತ್ತೊಂದು ಬಟ್ಟಲು ಬಗ್ಗಿಸಿದ.

"ದಕ್ಷಿಣದ ಕಣಿವಿಗೆ ಹೊಡಿ," ಎಂದಳು. "ಗಾಳಿ ಅಲ್ಲಿ ಹಿಮಾ ಎಲ್ಲಾ ಗುಡಿಸೇತಿ, ಹುಲ್ಲು ಕಾಣ್ತೈತಿ. ಎಲ್ಲಾರೂ ಅಲ್ಲೇ ಅದೀವಿ. ನಾವು ಹೊಂಟಾಗ ನಿನಗ ಹೇಳಿ ಬಾ ಅಂತ ನಮ್ಮ ಅಳಿಯನ್ನ ಕಳಿಸಿದ್ದೆ. ಒದರಿ ಒದರಿ ಸಾಕಾಗಿ ಹೊಳ್ಳಿ ಬಂದ."

ಅವನಿಗೆ ಆ ದಿನ ನೆನಪಾಯಿತು. ಆ ಕೂಗು ಅವನ ಕಿವಿಗೆ ಬಿದ್ದಿತ್ತು. ಎಲುಬು ಚೀಪುತ್ತ ಕೂತಿದ್ದ.

ಬದುಕಿದ್ದ ಕುರಿ ಕುದುರೆಗಳನ್ನು ಹೊಡೆದುಕೊಂಡು ಅವತ್ತೇ ಹೊರಟ, ಅವು ಉಳಿದವು. ಅಂದಿನಿಂದ ಕೂಗು ಕೇಳಿದರೆ ಬಾಸರ್‌ನ ಕುತ್ತಿಗೆಗೆ ಕೈ ಹಾಕುವವನು ಅವನೇ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ತಲೆ ತಗ್ಗಿಸಬೇಡಿ. ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಎಂದು ಬೋರ್ಡು ಹಾಕಿದ್ದೀರಿ. ನಾಯಿಯೇ ಇಲ್ಲದವರೂ ಹಾಕಿದ್ದೀರಿ! ಅದು ಹಾಳಾಗಲಿ. ಬಾಗಿಲಿಗೆ ಯಾರೋ ಬಂದಾಗ ಮಗುವನ್ನು ಕಳಿಸಿ 'ಅಪ್ಪ ಮನ್ಯಾಗಿಲ್ಲ' ಅನ್ನಿಸುತ್ತೀರಲ್ಲ, ಆ ಮಗುವನ್ನು ಏನು ಮಾಡಿದಿರಿ? ಬಾಸರ್ ಮಾಡಿದಿರಿ! ನೀವು ಒಳಗೆ ಕೂತಿರಿ, ಸುಳ್ಳಿನ ಪಾಪ ಅದರ ತಲೆಗೆ. ಅಣ್ಣನ ಫೋನು ಬಡಿದುಕೊಳ್ಳುತ್ತಿದ್ದರೆ ಬೋರಲು ಹಾಕಿಡುತ್ತೀರಿ. ಏನೋ ಕೇಳಲಿಕ್ಕೇ ಮಾಡಿದ್ದಾನೆ ಅಂತ ಹೇಗೆ ಗೊತ್ತು? ಹೇಳಲಿಕ್ಕೆ ಮಾಡಿದ್ದರೆ?

ಇವತ್ತಿನಿಂದ ದನಿ ಕೇಳಿದರೆ ನೀವೇ ಏಳಿ. ಕೂರಿಸಿ, ಚಹಾ ಕೊಡಿ. ಕೊಡಲಿಕ್ಕೆ ಆಗದ್ದನ್ನು ಆಗದು ಎಂದು ನಿಮ್ಮ ಬಾಯಿಂದಲೇ ಹೇಳಿ. ನಾಯಿ ಕಚ್ಚುತ್ತದೆ, ಕಚ್ಚಲಿ. ಸಾಕಿದವರು ನೀವು, ಹಿಡಿಯುವವರೂ ನೀವೇ.