ಆರನೇ ಅಂಕಿ

ದವಾಖಾನಿ ಕಾರ್ಡ ಇಲ್ಲ ಅಂತ ಎಲ್ಲಿ ಅಂದೆ ಡಾಕ್ಟರಬಾಯಾರ? ಐತಿ ಅಂದೆ. ಮರತ ಬಂದೇನಿ ಅಂದೆ… ಅಷ್ಟಽ. ಮುಂದಿನ ವಾರ ತರತೇನಿ. ಏನು? ಹೋದ ವಾರನೂ ಹಿಂಗಽ ಅಂದಿದ್ನೇನು? ಅಂದಿರಬೇಕು ಬಿಡ್ರಿ. ಸುರೇಬಾನದಿಂದ ಬೈಲಹೊಂಗಲಕ್ಕ ಬರೂದಂದ್ರ ಹಗರೇನ್ರಿ? ರಾಮದುರ್ಗಕ್ಕ ಒಂದ ಬಸ್ಸು, ಸವದತ್ತಿಗೆ ಒಂದು, ಅಲ್ಲಿಂದ ಇಲ್ಲಿಗೆ ಮತ್ತೊಂದು. ಮೂರ ಬಸ್ಸ ಹತ್ತಿ ಇಳಿಯೂದರಾಗ ಈ ರಾಮವ್ವ ತನ್ನ ಹೆಸರ ನೆನಪ ಇಟಗೊಂಡ ಬಂದದ್ದಽ ದೊಡ್ಡದು… ಯಾಕ ನಗತೀರಿ? ನಗರಿ, ನಗರಿ. ನೀವ ನಕ್ಕರ ನನ್ನ ಜೀವಕ್ಕ ತಂಪು. ನಗೂದ ಬಿಟ್ಟು ಆ ಕಂಪ್ಯೂಟರ ನೋಡಾಕತ್ತಿದ್ರಿ ಅಂದ್ರ ಅಂಜಿಕಿ ಬರತೈತಿ.

ಮೊದಲ ಹಿಂಗಿದ್ದಿಲ್ಲಲ್ರೀ ನಿಮ್ಮ ದವಾಖಾನಿ. ಹೆಸರೇನ್ರಿ ಆಯಿ? ರಾಮವ್ವ. ಏನ ಬ್ಯಾನಿ? ಮುಂಗೈ. ಮುಗೀತು! ಶೇಕ ಕೊಡತಿದ್ರಿ, ಕೈ ಹಿಡದು ಹಿಂಗ ಬಗ್ಗಸ್ರಿ, ಹಂಗ ಎತ್ತರಿ ಅಂತ ಕಲಸತಿದ್ರಿ, ನಾ ಕಲತ ಹೋಗತಿದ್ದೆ. ಈಗ ಅದೇನೋ ಜಾಲ ಬಂದೈತಿ ಅಂತೀರಿ. ದವಾಖಾನಿ ದವಾಖಾನಿಗೆ ಗಂಟ ಹಾಕ್ಯಾರ ಅಂತೀರಿ. ನಿಮ್ಮ ಕೊರಳಾಗೂ ಒಂದ ಕಾರ್ಡ ತೂಗ ಹಾಕ್ಯಾರ, ಫೋಟೋ ಸಮೇತ! ಅದನ್ನ ತೋರಸಲಿಲ್ಲಂದ್ರ ನಿಮಗೂ ಬಾಗಲಾ ತೆಗಿಯೂದಿಲ್ಲೇನು? ಅಯ್ಯ! ನಿಮ್ಮ ದವಾಖಾನಿ, ನಿಮ್ಮ ಖುರ್ಚಿ, ನಿಮಗಽ ಯಾರ ನೀನು ಅಂತ ಕೇಳತೈತೇನ್ರಿ?

ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ್ರಿ. ಅದರಾಗ ಬರದಿದ್ದು ಯಾರ್ಯಾರಿಗೆ ಕಾಣತೈತಿ? ರಾಮದುರ್ಗದಾಗ ಕಾಣತೈತೇನು? ಸುರೇಬಾನದಾಗ? ನಮ್ಮ ಓಣಿ ಮಂದಿ ಮೊಬೈಲ ತಿಕ್ಕೋತ ಕುಂತಿರತಾರಲ್ಲ, ಅವರಿಗೆ? ಇಲ್ಲಾ? ಕಾರ್ಡ ಯಾರದೋ ಅವರು ಹೂಂ ಅಂದ್ರಷ್ಟಽ ತೆರೀತೈತಿ… ಚಲೋ, ಬಾಳ ಚಲೋ. ಬಾಳ ಬಂದೋಬಸ್ತ ಮಾಡ್ಯಾರ. ನನಗೇನ ಮುಚ್ಚೂದೈತ್ರಿ? ಸುಮ್ಮ ಕೇಳಿದೆ.

ತಗೋರಿ, ಕೈ ನೋಡ್ರಿ. ಯವ್ವಾ! ಮೆಲ್ಲಕ, ಮೆಲ್ಲಕ… ಅಲ್ಲೇ ನೋಯತೈತಿ. ಏನು? ಹೋದ ವಾರ ಎಡಗೈ ಅಂತ ಬರದೈತಿ? ಎಡಗೈ ಯಾಕ ಇರತೈತ್ರಿ, ಬಲಗೈನಽ… ಎಡಗೈ ಅಂದಿದ್ನೇನ ನಾ? ಎರಡೂ ನೋಯತಾವ್ರಿ ಬಾಯಾರ! ಪಾಳಿ ಹಚ್ಚಿ ನೋಯತಾವು. ಒಂದ ವಾರ ಇದು, ಒಂದ ವಾರ ಅದು. ಮತ್ತ ನಕ್ಕಿರಿ ನೋಡ್ರಿ… ಹಾಳಿ ಮ್ಯಾಲ ಬರದಿದ್ರ ಗೀಟ ಹೊಡದ ತಿದ್ದಬಹುದಿತ್ತು. ಇದು ಮರಿಯೂದಽ ಇಲ್ಲಲಾ, ಕೆಟ್ಟ ನೆನಪಿಂದು.

ಹೂಂ. ಪೂರ್ತಿ ಎತ್ತಾಕ ಬರತೈತಿ. ಬೆರಳೂ ಬಿಚ್ಚತಾವು. ಹೂಂ… ಆರಾಮ ಆಗೇತಿ, ಇನ್ನ ಬರೂದು ಬ್ಯಾಡ ಅಂತೀರೇನು? ಹಂಗನಬ್ಯಾಡ್ರಿ! ಇನ್ನೂ ಬಾಳ ಕಲೀಬೇಕು… ಅಂದ್ರ, ಇನ್ನೂ ಆರಾಮ ಆಗಬೇಕು ಅಂದೆ. ಆ ಮೆತ್ತನ ಚಂಡು ಕೊಟ್ಟಿದ್ರೆಲ್ಲಾ, ಹಿಚಕಾಕ, ಅದರಕಿಂತಾ ಸಣ್ಣದ ಸಿಗೂದಿಲ್ಲೇನ್ರಿ? ಅದು ಅಂಗೈಯಾಗ ಕೂಡವಲ್ದು. ಏನು, ನನ್ನ ಅಂಗೈ ಮೊರದಷ್ಟ ಐತಿ ಅಂತೀರಿ? ಐತಿ ಖರೆ. ಅಂದ್ರೂ ಕೂಡವಲ್ದು…

ಹಂಗ ನೋಡಬ್ಯಾಡ್ರಿ. ಎಕ್ಸರೇ ತಂದೇನಿ, ತಗೋರಿ. ನೀವಽ ಕೇಳಿದ್ರೆಲ್ಲಾ. ಮಡಚಬಾರದಂತ ಎರಡ ಸೀರಿ ನಡುವ ಇಟ್ಟ ತಂದೇನಿ. ಮೂಲಿ? ಮೂಲಿ ಇಲಿ ಕಡದೈತ್ರಿ. ಹೆಸರ ಇದ್ದ ಮೂಲಿನಽ… ಹೌದಲ್ಲ, ಅದನ್ನಽ ಕಡದೈತಿ ನೋಡ್ರಿ. ಇಲಿಗೇನ ಓದಾಕ ಬರತೈತೇನ? ಕತ್ತರೀಲೆ ಕತ್ತರಿಸಿದಂಗ ಕಾಣತೈತಿ? ನಮ್ಮ ಮನಿ ಇಲಿ ಹಲ್ಲ ಹಂಗದಾವ್ರಿ.

ಕಿಡಕಿ ಹತ್ರ ಯಾಕ ಹೊಂಟ್ರಿ? ಬೆಳಕಿಗೆ ಹಿಡಿಬೇಕೇನು… ಹಿಡೀರಿ. …ಬಾಯಾರ? …ಅಷ್ಟೊತ್ತ ಏನ ನೋಡಾಕತ್ತೀರಿ?

ಏನಂದ್ರಿ? ಎಲುಬಿನ ತುದಿ ಇನ್ನೂ ಕೂಡಿಲ್ಲಾ… ಈ ಗೀಟ ಬೆಳಿಯೂ ಎಲುಬಿನ್ಯಾಗಷ್ಟಽ ಇರತೈತಿ… ಎಂಟ ಹತ್ತ ವರ್ಷದ ಕೂಸಿನ ಕೈ ಇದು ಅಂತೀರಿ. ಎಲ್ಲಿ, ತೋರಸ್ರಿ. ಇದಽ ಏನ ಗೀಟು? ಕೂದಲೆಳಿಯಷ್ಟ ಐತಿ. …ಐವತ್ತ ವರ್ಷ ಆತು, ಎಷ್ಟ ಮಂದಿ ಎಲುಬ ಹಿಡದೇನಿ, ಎಷ್ಟ ಕೂಸಿನ ಕೈ ಕಟ್ಟೇನಿ, ಒಳಗ ಹಿಂಥಾದ್ದೊಂದ ಗೀಟ ಇರತೈತಿ ಅಂತ ಈ ಬೆರಳಿಗೆ ಒಂದ ದಿನಾ ಗೊತ್ತಾಗಲಿಲ್ಲ ನೋಡ್ರಿ…

ಆತು. ಬಾಯಿಂದ ಹೋತು.

ಹೌದ್ರಿ. ಎಲುಬ ಕೂಡಸಾಕಿ ನಾ. ಸುರೇಬಾನದ ಎಲುಬಿನ ರಾಮವ್ವ ಅಂದ್ರ ಮಂದಿ ಚಕ್ಕಡಿ ಹೂಡಕೊಂಡ ಬರತಿದ್ರು. ಬಾಗಲದಾಗ ಚಕ್ಕಡಿ ನಿಂತ ಸಪ್ಪಳಾ ಕೇಳಿ, ಕೈಯೋ ಕಾಲೋ ಹೇಳತಿದ್ದೆ. ನಮ್ಮತ್ತಿ ಕಲಿಸಿದ್ದು. ನಿಮಗ ಕೊರಳಾಗ ಕಾರ್ಡ ಐತಿ, ನನಗ ಈ ಎರಡ ಹೆಬ್ಬಟ್ಟಽ ಕಾರ್ಡು. ರಾಮದುರ್ಗದಾಗ ನನ್ನ ಗುರುತ ಇಲ್ಲದವರಽ ಇಲ್ಲ. ಅದಕ್ಕಽ ಇಷ್ಟ ದೂರ ನಿಮ್ಮ ತನಕಾ ಬಂದೆ. ಎಲುಬಿನ ರಾಮವ್ವ ದವಾಖಾನಿ ಮೆಟ್ಟಲಾ ಹತ್ತಿದ್ಲು ಅಂತ ಒಬ್ಬರ ಬಾಯಾಗ ಬಂತಂದ್ರ ನನ್ನ ಹೆಸರಿಗೇನ ಉಳೀತು ಹೇಳ್ರಿ? ನಿಮ್ಮ ಬೆರಳ ನೋಡೇನಿ ಬಾಯಾರ. ಎಲ್ಲಿ ಒತ್ತಬೇಕೋ ಅಲ್ಲೇ ಹೋಗತಾವು. ಮೊದಲನೇ ದಿನಾನಽ ಅಂದಕೊಂಡೆ, ಈ ಹುಡಿಗಿ ಕೈಯಾಗ ಐತಿ ಅಂತ.

ಕೈ ಯಾರದು?… ಸ್ನೇಹಲ್ ಅಂತ. ನನ್ನ ಮಗ ಬಾಳೂನ ಮಗಳು. ಒಂಬತ್ತ ವರ್ಷ. ಏಳ ವಾರದ ಹಿಂದ ಕಾಲವಿ ದಂಡಿ ಮ್ಯಾಲ ಸೈಕಲ್ ಕಲಿಯಾಕ ಹೋಗಿ ಬಿದ್ದಳು. ಸೊಸಿ ಮಹಾನಂದಾ, ರಾಮದುರ್ಗಕ್ಕ ಒಯ್ಯೂನು ಅತ್ತಿ ಅಂದ್ಲು. ಹೊಸ್ತಲಾ ದಾಟಗೊಡಲಿಲ್ಲ ನಾ. ಮಂದಿ ಮಕ್ಕಳ ಕೈ ಕಟ್ಟಾಕಿ ತನ್ನ ಮೊಮ್ಮಗಳನ್ನ ಮತ್ತೊಬ್ಬರ ಕೈಯಾಗ ಕೊಡತಾಳೇನು? ಬಿದರಿನ ಪಟ್ಟಿ ಇಟ್ಟೆ, ಅರಿವಿ ಸುತ್ತಿದೆ, ಬಿಗದ ಕಟ್ಟಿದೆ. ಒಂದ ತಟಕ ಕಣ್ಣೀರ ಹಾಕಲಿಲ್ರೀ ಹುಡಿಗಿ.

ಮೂರನೇ ದಿನ ಬಿಚ್ಚಿದೆ. ಅದಕಿಂತಾ ಮೊದಲ ಏನರೆ ಅಂದಿದ್ಲೇನು ಅಂತೀರಿ? …ಇಲ್ಲ. ಏನೂ ಅನಲಿಲ್ಲ.

…

ಆ ಚಿತ್ರ ಯಾಕ ಮತ್ತ ಬೆಳಕಿಗೆ ಹಿಡೀತೀರಿ ಬಾಯಾರ?

ಅಂದ್ಲು. ಮರದಿನಾನಽ ಅಂದ್ಲು. ಆಯೀ, ಬೆರಳ ಜುಮುಜುಮು ಅಂತಾವ, ಇವು ನನ್ನವಲ್ಲೇನೋ ಅನಸತೈತಿ ಅಂದ್ಲು. ಉಗರ ನೀಲಿ ಆಗಿದ್ದುವು, ಕಂಡೆ. ನನ್ನ ಕಣ್ಣೀಲೆ ಕಂಡೆ… ಎಲುಬ ಕೂಡಾಕ ಹತ್ತೇತಿ, ತಡಕೋ, ನಿಮ್ಮವ್ವಗ ಹೇಳಬ್ಯಾಡ, ಸುಮ್ಮ ಗಾಬರಿ ಆಗತಾಳ ಅಂದೆ. ಹೇಳಲಿಲ್ಲ ನೋಡ್ರಿ. ನಾ ಅಂದ ಮಾತ ಮೀರೂದಿಲ್ಲ ಆ ಹುಡಿಗಿ.

ಈಗ ಬೆರಳ ಬಿಚ್ಚವಲ್ಲವು. ಮಣಿಕಟ್ಟ ಕೆಳಗ ಬಗ್ಗಿಸಿದ್ರ ಒಂದೀಟ ಬಿಚ್ಚತಾವು, ಮ್ಯಾಲೆತ್ತಿದ್ರ ಮಡಚಿ ಮುಷ್ಟಿ ಆಗತಾವು. ಬಲಗೈ. ಪೆನ್ಸಿಲ್ ಹಿಡಿಯಾಕ ಆಗವಲ್ದು. ಸಾಲಿಯಾಗ ಎಡಗೈಲೆ ಬರೀತಾಳ, ಅಕ್ಷರ ಎಲ್ಲಾ ಬಿದ್ದಬಿದ್ದ ಹೋಗತಾವು. ನೀವ ನನ್ನ ಕೈಗೆ ಕಲಿಸಿದ್ದೆಲ್ಲಾ ಮನಿಗೆ ಹೋಗಿ ಆಕಿ ಕೈಗೆ ಮಾಡೇನಿ. ಬಿಸಿನೀರಾಗ ಇಟ್ಟೇನಿ, ಚಂಡ ಹಿಡಿಸೇನಿ, ಒಂದ ದಿನ ತಪ್ಪಿಸಿಲ್ಲ. ಈ ಐದ ವಾರದಾಗ ಒಂದ ಬೆರಳ… ಒಂದ ಬೆರಳ ಕೂಡ ಸಡ್ಲ ಆಗಿಲ್ರೀ.

ಸಿಟ್ಟ ಬಂದೈತಿ ನಿಮಗ. ಬರಲಿ. ಬೈರಿ. …ಬೈಯೂದಿಲ್ಲ, ಕಂಪ್ಯೂಟರಿನ್ಯಾಗ ಬರೀತೀರೇನು? ಇದನ್ನೂ ಬರೀತೀರಿ? ಜುಮುಜುಮು ಅಂದದ್ದು, ಉಗರ ನೀಲಿ ಆದದ್ದು? ಮುಂದ ನೋಡೂ ಡಾಕ್ಟರಗ ಬೇಕಾಗತೈತಿ… ಹೌದು. ಬರೀರಿ. ಕಟ್ಟಿದವರ ಹೆಸರಿಗೆ ಅದರಾಗ ಜಾಗಾ ಐತೇನ್ರಿ? ಇದ್ರ ಹಾಕ್ರಿ. ರಾಮವ್ವ, ಸುರೇಬಾನ. ಇಷ್ಟ ದಿನಾ ಯಾರಿಗೂ ಕಾಣಬಾರದು ಅಂತಿದ್ದೆ.

ಇವತ್ತಽ? ಇವತ್ತಽ ಬೆಳಗಾವಿ ದೊಡ್ಡ ಡಾಕ್ಟರಗ ಈ ಎಕ್ಸರೇ ಚಿತ್ರ ಕಳಸತೀರಿ? ಇಲ್ಲೇ ಕುಂತು? ಅವರು ಹೂಂ ಅಂದ್ರ ನಾಳೆನಽ ಕೂಸಿನ್ನ ಒಯ್ಯಬೇಕು… ಇನ್ನ ತಡಾ ಮಾಡಿದ್ರ ಏನಾಗತೈತ್ರಿ? ಕೈ ಮುಷ್ಟಿ ಆಗಿನಽ ಉಳೀತೈತೇನು? ಹೇಳ್ರಿ. …ತಿಳೀತು. ಬಿಡ್ರಿ, ಹೇಳಬ್ಯಾಡ್ರಿ, ತಿಳೀತು.

ಕಳಸಾಕ ಕೂಸಿನ ಕಾರ್ಡ ಬೇಕೇನು… ಐತ್ರಿ. ಈ ಸಂಚಿಯಾಗಽ ಐತಿ, ಎಲಿ ಅಡಕಿ ಕೆಳಗ. ಐದ ಸಲಾ ಬಂದೇನಿ, ಐದೂ ಸಲಾ ಇದರಾಗಽ ಇತ್ತು. ತಗೋರಿ. ಸುಣ್ಣ ಹತ್ತೇತಿ, ತಡ್ರಿ, ಸೆರಗೀಲೆ ಒರಸತೇನಿ. ಇಕಿನಽ ನೋಡ್ರಿ ಸ್ನೇಹಲ್. ಎರಡ ಹೆಳಲು. ಕೈ ಕೆಟ್ಟ ಮ್ಯಾಲಿನ ಫೋಟೋ ಇದು, ಅದಕ್ಕಽ ಮಾರಿ ಹಂಗ ಮಾಡ್ಯಾಳ. ಮೂರನೇ ವಾರದಾಗ ನಾ ಎಲ್ಲೋ ಮದವಿಗೆ ಹೋದಾಗ ಮಹಾನಂದಾ ತಾನಽ ರಾಮದುರ್ಗಕ್ಕ ಒಯ್ದು ಚಿತ್ರ ತೆಗಸಿದ್ಲು. ಕಾರ್ಡೂ ಅಲ್ಲೇ ಮಾಡಿಸಿದ್ದು. ಡಾಕ್ಟರಗ ನಾನಽ ತೋರಸತೇನಿ ಅಂತ ಚಿತ್ರ ಇಸಗೊಂಡ್ಬಿಟ್ಟೆ.

ಬಡೀರಿ ನಂಬರ. ಬಂತೇನು? ಹೆಸರ ಬಂತು… ಮತ್ಯಾಕ ತೆರೀವಲ್ದು? ಆರ ಅಂಕಿ? ಎಲ್ಲಿ ಬರತಾವ ಆರ ಅಂಕಿ? ಕಾರ್ಡ ಮಾಡಿಸಿದಾಗ ಕೊಟ್ಟ ಫೋನಿಗೆ… ಕಡೀಕ ಎಷ್ಟೈತಿ ನೋಡ್ರಿ ಆ ನಂಬರು. ನಲವತ್ತೊಂದು?

ಅದು ಮಹಾನಂದಾಂದು.

ನನ್ನ ನಂಬರ ಹಾಕಾಕ ಬರೂದಿಲ್ಲೇನ್ರಿ? ನಿಮ್ಮದು? ಬ್ಯಾರೆ ಏನರೆ ದಾರಿ… ಕೂಸಿನ ತಾಯಿನಽ ಹೂಂ ಅನಬೇಕು. ಅಜ್ಜಿ ಹೂಂ ಅಂದ್ರ ನಡಿಯೂದಿಲ್ಲ. ಹಂಗೇನು… ಬಂದೋಬಸ್ತ ಅಂತ ನಾನಽ ಹೊಗಳಿದೆ, ನೋಡ್ರಿ. ಹತ್ತ ನಿಮಿಷದಾಗ ಅಂಕಿ ಕೆಡತಾವ? ಮತ್ತ ಕಳಸಬಹುದು… ಅಂದ್ರೂ ಆಕಿಗೇ ಹೋಗತಾವಲಾ.

ಮಾಡತೇನಿ, ಮಾಡತೇನಿ. ಎರಡನೇ ಗುಂಡಿ ಒತ್ತಿ ಹಿಡದ್ರ ಮಹಾನಂದಾಗ ಹೋಗತೈತಿ. ನನಗ ಕಿವಿ ಮಂದ, ಎಲ್ಲಾರಿಗೂ ಕೇಳೂಹಂಗ ಮಾತಾಡತೈತಿ ಈ ಫೋನು, ಏನೂ ಅನಕೋಬ್ಯಾಡ್ರಿ. …ಹಲೋ. ಮಹಾನಂದಾ? ನಾನಽ. ಊಟಾ ಆತಿಲ್ಲ? …ಒಂದ ಮೆಸೇಜ ಬಂದೈತೇನ ನೋಡ ನಿನ್ನ ಮೊಬೈಲಿಗೆ. ಆರ ಅಂಕಿ. ಹೂಂ, ಸ್ನೇಹಲನ ಕಾರ್ಡಿಂದಽ. ಓದಿ ಹೇಳವ್ವಾ, ಡಾಕ್ಟರಬಾಯಾರು ಕೇಳಾಕತ್ತಾರ.

ನಾಕು. ಬರಕೊಳ್ರಿ ಬಾಯಾರ, ನಾಕು. ಸೊನ್ನಿ. ಎಂಟು. ಮತ್ತ ಎಂಟು. ಒಂದು… ಐದ ಆದುವು. ಇನ್ನೊಂದ ಹೇಳವ್ವಾ. …ಮಹಾನಂದಾ? …ಏನು? ಹೊಳ್ಳಿ ಅನ್ನು. ಈಗ್ಯಾಕ ಕೇಳಾಕತ್ತಾರ ಅಂತೀಯಾ…

ಅಲ್ಲವ್ವಾ… ಹೌದು, ನಾನಽ ಅಂದಿದ್ದೆ. ಡಾಕ್ಟರಬಾಯಾರು ಚಿತ್ರ ನೋಡ್ಯಾರ ಅಂದಿದ್ದೆ. ಕೂಸಿನ್ನ ಕರಕೊಂಡ ಬರೂದು ಬ್ಯಾಡ, ಮನ್ಯಾಗಽ ತಿಕ್ಕರಿ, ಎರಡ ತಿಂಗಳಾಗ ನೆಟ್ಟಗ ಆಗತೈತಿ ಅಂತ ಹೇಳ್ಯಾರ ಅಂದಿದ್ದೆ… ಕಾರ್ಡೂ ಅವರಽ ಕೇಳ್ಯಾರ ಅಂತ ಇಸಗೊಂಡೆ… ಅಲ್ಲ, ಸುಳ್ಳ ಯಾಕ ಹೇಳಲಿ? ಬಾಯಾರು ಇಲ್ಲೇ ಅದಾರ. ಕೇಳಬೇಕೇನು? ಕೊಡತೇನಿ, ತಡಿ. ನೀನಽ ಕೇಳು.

ಬಾಯಾರ… ಫೋನ ಸೆರಗಿನ್ಯಾಗ ಮುಚ್ಚೇನಿ, ಆಕಿಗೆ ಕೇಳೂದಿಲ್ಲ. ಆಕಿಗೆ ಒಂದ ಮಾತ ಹೇಳ್ರಿ. ಹೂಂ, ಮೊದಲಽ ನೋಡೇನಿ ಅನ್ರಿ. ನಿಮ್ಮ ಕಾಲ ಬೀಳತೇನಿ. ಮನಿಗೆ ಹೋಗಿ ನಾನಽ ಎಲ್ಲಾ ಹೇಳತೇನಿ, ಆಣಿ ಮಾಡತೇನಿ, ಬರೇ ಈಗೊಂದ ಹೂಂ… ಇಕಾ, ಬಾಯಿ ಹತ್ರ ಹಿಡದೇನಿ. ಒಂದ ಹೂಂ.

…ಬಾಯಾರ?

…

…

ಮಹಾನಂದಾ. ಅದೀಯೇನವ್ವಾ? …ಕೇಳಿದಿ ಹೌದಿಲ್ಲೋ. ಬಾಯಾರು ಏನೂ ಅನವಲ್ಲರು.

ಹೂಂ. ನೋಡಿಲ್ಲ ಅವರು. ನಿನ್ನ ಮಗಳ ಕೈ ಈ ಐದ ವಾರ ನನ್ನನ್ನ ಬಿಟ್ಟ ಯಾರೂ ನೋಡಿಲ್ಲ. …ಅಳಬ್ಯಾಡ. ಇಲ್ಲ, ಅಳು. ನನ್ನ ಏನ ಬೈತಿ ಬೈ, ಮನಿಗೆ ಬರತೇನಿ, ಓಣಿ ಮಂದಿ ಮುಂದ ನಿಂದರಿಸಿ ಬೈ. ಆ ಬೆರಳ ಜುಮುಜುಮು ಅಂದದ್ದೂ ಹೇಳತೇನಿ ನಿನಗ. ಮೊದಲ ಆರನೇ ಅಂಕಿ ಹೇಳವ್ವಾ. ಟೈಮ ಮುಗಿಯಾಕ ಬಂದೈತಿ ಅಂತ ಬಾಯಾರು ಗೋಡಿ ಗಡಿಯಾರ ತೋರಸಾಕತ್ತಾರ.

…

ಮೂರು?

ಮೂರಂತ್ರಿ, ಬಾಯಾರ. ಮೂರು. ಒತ್ತರಿ.

…ಫೋನ ಇಟ್ಟಳು. ಅಷ್ಟಽ ಅಂದ್ಲು. ಅತ್ತಿ ಅಂತ ಸೈತ ಅನಲಿಲ್ಲ.